ಸೆರಗಿನ ಗಂಟು, ಕೆಂಪು ಗುಳಿಗೆ

ಬಸುರಿಯರಿಗೆಂದು ಸರ್ಕಾರ ಕೊಡುವ ಕಬ್ಬಿಣದ ಗುಳಿಗೆಯ ಬಣ್ಣ ಕೆಂಪು. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣದ ಅಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಬೇಕೆಂಬುದು ನಿಯಮ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ, ಅಲ್ಲಿಗೆ ಹೋಗಲಾಗದವರಿಗೆ ಆಶಾ ಕಾರ್ಯಕರ್ತೆಯರು ಮನೆಗೇ ತಂದುಕೊಡುವುದುಂಟು. ಇಷ್ಟಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದು ನೋಡಿದರೆ, ದೇಶದಲ್ಲಿ ಬಸುರಿನ ಅವಧಿಯಲ್ಲಿ ನೂರು ದಿನವಾದರೂ ಗುಳಿಗೆ ನುಂಗಿದ ತಾಯಂದಿರು ಶೇ 44.1ರಷ್ಟು ಮಾತ್ರ. 180 ದಿನ ಪೂರೈಸಿದವರು ಶೇ 26. ಅದೇ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆಯಿದೆ. ನಮ್ಮ ಕರ್ನಾಟಕದಲ್ಲಿ ಈ ಪ್ರಮಾಣ ಶೇ 45ರ ಆಸುಪಾಸಿನಲ್ಲಿದೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಗುಳಿಗೆ ಮನೆಯವರೆಗೆ ಬಂದಿದೆ. ಅಲ್ಲಿಂದ ಬಾಯಿಗೆ ಹೋಗುವ ನಾಲ್ಕು ಹೆಜ್ಜೆಯಲ್ಲಿ ಎಲ್ಲೋ ತಪ್ಪಿಹೋಗುತ್ತಿದೆ. ಏಕೆಂದು ಕೇಳಿದರೆ ಬಹುತೇಕ ಸಿಗುವ ಉತ್ತರ ಒಂದೇ: "ಮರೆತೆ." ಹಾಗೆಂದ ಕೂಡಲೇ ಕೇಳಿದವರು ಗದರುತ್ತಾರೆ, ಹೇಳಿದವಳು ತಲೆ ತಗ್ಗಿಸುತ್ತಾಳೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮುಗಿಯಬಾರದು. ಆ ಮರೆವನ್ನು ಬಿಡಿಸಿ ನೋಡಿದರೆ ಅದು ಅವಳೊಬ್ಬಳ ತಲೆಯ ದೋಷವಲ್ಲ ಎಂಬುದೂ, ಅದಕ್ಕೆ ಮದ್ದು ಮನೆಯಲ್ಲೇ ಇದೆ ಎಂಬುದೂ ಗೊತ್ತಾಗುತ್ತದೆ.

ಮುಂಬಯಿಯ ಗಿರಣಿಯಿಂದ ಬಂದ ಅರಿವು

ಈ ಗುಳಿಗೆಯ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ನೆಲದಲ್ಲೇ ನಡೆದದ್ದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯವಿಜ್ಞಾನಿ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರು ಬಸುರಾದಾಗ ವಿಚಿತ್ರವಾದ ರಕ್ತಹೀನತೆಗೆ ತುತ್ತಾಗುತ್ತಿದ್ದರು. ಕೆಂಪು ರಕ್ತಕಣಗಳ ಸಂಖ್ಯೆ ಇಳಿಯುತ್ತಿತ್ತು, ಆದರೆ ಉಳಿದ ಕಣಗಳ ಗಾತ್ರ ಮಾಮೂಲಿಗಿಂತ ದೊಡ್ಡದಾಗಿರುತ್ತಿತ್ತು. ಹೊಟ್ಟೆ ತುಂಬ ಉಣ್ಣುವ, ಹಣ್ಣು ತರಕಾರಿ ತಿನ್ನುವ ಉಳ್ಳವರ ಮನೆಯ ಹೆಂಗಸರಲ್ಲಿ ಈ ಕಾಯಿಲೆ ಅಪರೂಪ. ಕಾರಣ ಸೋಂಕಲ್ಲ, ಊಟದ ತಟ್ಟೆಯಲ್ಲಿದೆ ಎಂದು ವಿಲ್ಸ್ ಅನುಮಾನಿಸಿದರು. ಯೀಸ್ಟಿನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಲೇಹ್ಯವನ್ನು ರೋಗಿಗಳಿಗೆ ತಿನ್ನಿಸಿದಾಗ ಅವರು ಬೇಗ ಚೇತರಿಸಿಕೊಂಡರು. 1931ರಲ್ಲಿ ಅವರು ಈ ಫಲಿತಾಂಶ ಪ್ರಕಟಿಸಿದರು. ಲೇಹ್ಯದೊಳಗಿನ ಆ ಅಜ್ಞಾತ ವಸ್ತುವನ್ನು ಕೆಲವು ವರ್ಷ 'ವಿಲ್ಸ್ ಅಂಶ' ಎಂದೇ ಕರೆಯುತ್ತಿದ್ದರು.

1941ರಲ್ಲಿ ಅಮೆರಿಕದ ಟೆಕ್ಸಸ್‌ನ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಆ ಅಂಶವನ್ನು ಬೇರ್ಪಡಿಸಿದರು. ನಾಲ್ಕೇ ವರ್ಷದಲ್ಲಿ ಲೆಡರ್ಲೆ ಪ್ರಯೋಗಾಲಯದ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇವತ್ತು ಔಷಧದ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಫೋಲಿಕ್ ಆಮ್ಲದ ಗುಳಿಗೆಯ ಹಿಂದೆ ಮುಂಬಯಿಯ ಗಿರಣಿ ಹೆಂಗಸರ ಬವಣೆಯೂ ಇದೆ, ತೆಲುಗು ನಾಡಿನ ವಿಜ್ಞಾನಿಯ ದುಡಿಮೆಯೂ ಇದೆ.

ಮೊದಲ 28 ದಿನ

ಫೋಲಿಕ್ ಆಮ್ಲಕ್ಕೆ ರಕ್ತದ ಆಚೆಗೂ ಕೆಲಸವಿದೆ ಎಂಬುದು ಖಚಿತವಾದದ್ದು ಬಹಳ ತಡವಾಗಿ. ಗರ್ಭ ನಿಂತ ಮೇಲೆ ಸುಮಾರು 28 ದಿನದೊಳಗೆ ಭ್ರೂಣದ ಬೆನ್ನುದ್ದಕ್ಕೂ ಒಂದು ನಾಳ ಮುಚ್ಚಿಕೊಳ್ಳುತ್ತದೆ. ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗುವುದು ಅದೇ ನಾಳ. ಅದು ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನುಹುರಿಯ ತೆರೆದ ಗಾಯದೊಂದಿಗೆ ಹುಟ್ಟಬಹುದು, ಕೆಲವೊಮ್ಮೆ ತಲೆಬುರುಡೆ ಮತ್ತು ಮೆದುಳು ಬೆಳೆಯದೆಯೇ ಹೋಗಬಹುದು. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 7 ದೇಶಗಳ 33 ಕೇಂದ್ರಗಳಲ್ಲಿ ನಡೆದಿತ್ತು. ಹಿಂದಿನ ಬಸುರಿನಲ್ಲಿ ಇಂಥ ತೊಂದರೆ ಕಂಡಿದ್ದ ತಾಯಂದಿರು ಗರ್ಭಧಾರಣೆಗೆ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ತೆಗೆದುಕೊಂಡಾಗ ಅದು ಮರುಕಳಿಸುವ ಸಾಧ್ಯತೆ ಶೇ 72ರಷ್ಟು ತಗ್ಗಿತು. ಫಲ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಮರುವರ್ಷ ಹಂಗೇರಿಯ ಅಧ್ಯಯನವೊಂದು, ಹಿಂದೆ ಇಂಥ ತೊಂದರೆ ಕಾಣದ ತಾಯಂದಿರಿಗೂ ಫೋಲಿಕ್ ಆಮ್ಲವಿರುವ ವಿಟಮಿನ್ ಗುಳಿಗೆಯಿಂದ ರಕ್ಷಣೆ ಸಿಗುತ್ತದೆಂದು ತೋರಿಸಿತು.

ಇಲ್ಲಿರುವ ಸಮಯದ ಇಕ್ಕಟ್ಟನ್ನು ಗಮನಿಸಬೇಕು. ಮುಟ್ಟು ನಿಂತು, ಒಂದು ವಾರ ಕಾದು, ಪರೀಕ್ಷೆ ಮಾಡಿಸಿಕೊಂಡು, ಹಿರಿಯರಿಗೆ ತಿಳಿಸಿ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ 28 ದಿನ ಎಷ್ಟೋ ಸಲ ಕಳೆದೇ ಹೋಗಿರುತ್ತದೆ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದೆಂಬ ರೂಢಿ ಇರುವ ಮನೆಗಳಲ್ಲಂತೂ ಗುಳಿಗೆಯ ಮಾತು ಇನ್ನೂ ಹಿಂದೆ ಸರಿಯುತ್ತದೆ. ಆದ್ದರಿಂದ ಫೋಲಿಕ್ ಆಮ್ಲದ ನೆನಪು ಶುರುವಾಗಬೇಕಾದದ್ದು ಬಸುರು ಗೊತ್ತಾದ ದಿನವಲ್ಲ, ಮಗು ಬೇಕೆಂದು ಗಂಡಹೆಂಡತಿ ಮಾತಾಡಿಕೊಂಡ ದಿನ. ಗರ್ಭಧಾರಣೆಗೆ ಮುಂಚಿನಿಂದ ಮೊದಲ ಮೂರು ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂದು 2018ರಲ್ಲಿ ಶುರುವಾದ 'ರಕ್ತಹೀನತೆ ಮುಕ್ತ ಭಾರತ' ಕಾರ್ಯಕ್ರಮವೂ ಹೇಳುತ್ತದೆ. ಹಿಂದಿನ ಮಗುವಿಗೆ ನರನಾಳದ ತೊಂದರೆ ಆಗಿದ್ದವರಿಗೂ ಮೂರ್ಛೆರೋಗದ ಔಷಧಿ ತೆಗೆದುಕೊಳ್ಳುವವರಿಗೂ ಇನ್ನೂ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ತೀರ್ಮಾನಿಸಬೇಕು.

ಸೊಪ್ಪು, ಹೆಸರುಕಾಳು, ಕಡಲೆ, ಅಲಸಂದೆಯಲ್ಲಿ ಫೋಲೇಟ್ ಇದೆಯಲ್ಲ, ಗುಳಿಗೆ ಏಕೆ ಎಂದು ಕೇಳುವವರಿದ್ದಾರೆ. ಇದೆ, ತಿನ್ನಲೇಬೇಕು. ಆದರೆ ಫೋಲೇಟ್ ನೀರಿನಲ್ಲಿ ಕರಗುತ್ತದೆ, ಬೆಂಕಿಗೆ ಬಾಡುತ್ತದೆ. ಸೊಪ್ಪು ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಹಳೆಯ ಮೈಸೂರಿನ ಅಡುಗೆ ಈ ಲೆಕ್ಕದಲ್ಲಿ ಬಹಳ ಜಾಣತನದ್ದು. ಹಾಗಿದ್ದರೂ ದಿನದಿನವೂ ತಪ್ಪದೆ ಬೇಕಾದಷ್ಟು ಪ್ರಮಾಣವನ್ನು ಊಟವೊಂದರಿಂದಲೇ ಪಡೆಯುವುದು ಕಷ್ಟ. ಗುಳಿಗೆ ಊಟದ ಬದಲಿಗಲ್ಲ, ಊಟದ ಜೊತೆಗೆ.

ಕಬ್ಬಿಣದ ಸಾಲ

ಕಬ್ಬಿಣದ ಕೆಲಸ ನಿಧಾನದ್ದು, ದೀರ್ಘವಾದದ್ದು. ಬಸುರಿನಲ್ಲಿ ತಾಯಿಯ ಮೈಯ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ. ಮಗು, ಮಾಸು ಮತ್ತು ತಾಯಿಯ ಹೆಚ್ಚಿದ ರಕ್ತ ಎಲ್ಲಕ್ಕೂ ಸೇರಿ ಇಡೀ ಅವಧಿಯಲ್ಲಿ ಬೇಕಾಗುವ ಕಬ್ಬಿಣ ಸುಮಾರು 1,000 ಮಿಲಿಗ್ರಾಂ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಬಸುರಾಗುವ ಹೊತ್ತಿಗೇ ಮೈಯಲ್ಲಿ ಕಬ್ಬಿಣದ ಉಳಿತಾಯವಿಲ್ಲದೆ ಸಾಲದಲ್ಲಿರುತ್ತಾರೆ. ಹದಿಹರೆಯದಿಂದ ಮುಟ್ಟಿನಲ್ಲಿ ಹೋದ ರಕ್ತ, ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡ ದಿನಗಳು, ಒಂದರ ಹಿಂದೊಂದು ಬಂದ ಹೆರಿಗೆಗಳು ಆ ಸಾಲವನ್ನು ಬೆಳೆಸಿರುತ್ತವೆ.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಬಸುರಿಯಲ್ಲಿ ಅದು ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತೀವ್ರ ಸ್ಥಿತಿ, ಆಸ್ಪತ್ರೆಯಲ್ಲೇ ಚಿಕಿತ್ಸೆಯಾಗಬೇಕು. ನಡುವಿನ ಹಂತದಲ್ಲಿ ಮಾತ್ರ ದೇಹ ಜೋರಾಗಿ ಕೂಗಿ ಹೇಳುವುದಿಲ್ಲ. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಸುತ್ತು, ಇದೆಲ್ಲ ಬಸುರಿನಲ್ಲಿ ಸಹಜ ಎಂದು ತಳ್ಳಿಹಾಕುತ್ತೇವೆ. ಆದರೆ ಹೆರಿಗೆಯ ಹೊತ್ತಿನಲ್ಲಿ ರಕ್ತಸ್ರಾವ ಹೆಚ್ಚಾದರೆ, ಗಟ್ಟಿಯಾಗಿರುವ ತಾಯಿ ತಡೆದುಕೊಳ್ಳುವಷ್ಟು ನಷ್ಟವನ್ನು ರಕ್ತಹೀನತೆಯ ತಾಯಿ ತಡೆದುಕೊಳ್ಳಲಾರಳು. ನಮ್ಮ ದೇಶದ ಬಾಣಂತಿಯರ ಸಾವಿಗೆ ಇವತ್ತಿಗೂ ರಕ್ತಸ್ರಾವವೇ ದೊಡ್ಡ ಕಾರಣಗಳಲ್ಲೊಂದು. ಮಗುವಿನ ಪಾಲೂ ಇದರಲ್ಲಿದೆ. ಹುಟ್ಟಿದ ಮೇಲಿನ ಮೊದಲ ಆರು ತಿಂಗಳಿಗೆ ಬೇಕಾದ ಕಬ್ಬಿಣದ ಬಹುಪಾಲನ್ನು ಮಗು ಕೂಡಿಟ್ಟುಕೊಳ್ಳುವುದು ಬಸುರಿನ ಕೊನೆಯ ಮೂರು ತಿಂಗಳಲ್ಲಿ. ದುರದೃಷ್ಟವೆಂದರೆ, ಗುಳಿಗೆ ತಪ್ಪುವುದೂ ಹೆಚ್ಚಾಗಿ ಅದೇ ತಿಂಗಳುಗಳಲ್ಲಿ.

'ಮರೆತೆ' ಎಂಬ ಮಾತಿನೊಳಗೆ

"ಗುಳಿಗಿ ತಗೊಳ್ಳಾಕತ್ತಿಯೇನವ್ವಾ?"

"ಹ್ಞೂಂ ಅಕ್ಕಾರ, ತಗೊಳ್ಳಾಕತ್ತೀನಿ."

ಉತ್ತರ ಕರ್ನಾಟಕದ ಯಾವ ಹಳ್ಳಿಯಲ್ಲಾದರೂ ಆಶಾ ಕಾರ್ಯಕರ್ತೆಗೂ ಬಸುರಿಗೂ ನಡುವೆ ನಡೆಯುವ ಮಾತು ಇದು. ಪ್ರಶ್ನೆಯೇ ಹಾಗಿದೆ, ಅದಕ್ಕೆ ಹೌದು ಅನ್ನದೆ ಗತಿಯಿಲ್ಲ. ಇದೇ ಆಶಾ, ಹೊಸ್ತಿಲಲ್ಲಿ ನಿಲ್ಲದೆ ಒಳಗೆ ಹೋಗಿ ಕೂತು, "ಡಬ್ಬಿ ತಾ, ಎಷ್ಟು ಉಳದಾವು ನೋಡೂಣು" ಎಂದರೆ ಬೇರೆಯದೇ ಕಥೆ ಹೊರಬರುತ್ತದೆ.

ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಮಲಬದ್ಧತೆಯಾಗುತ್ತದೆ. ಮಲ ಕಪ್ಪಗಾದದ್ದು ನೋಡಿ ಹೆದರಿಕೆಯಾಗಿದೆ. ಬಾಯಲ್ಲಿ ಲೋಹದ ರುಚಿ ನಿಂತು ಊಟ ಸೇರುವುದಿಲ್ಲ. ಮಗು ಕಪ್ಪಾಗುತ್ತದೆಂದು ಓಣಿಯಲ್ಲಿ ಯಾರೋ ಹೇಳಿದ್ದಾರೆ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಇನ್ಯಾರೋ ಹೇಳಿದ್ದಾರೆ. "ನಾವೇನು ಗುಳಿಗೆ ನುಂಗಿ ಹೆತ್ತೆವೇನೇ?" ಎಂದು ಅತ್ತೆ ಕೇಳಿದ್ದಾರೆ. ಇದನ್ನೆಲ್ಲ ಬಿಡಿಸಿ ಹೇಳುವ ಧೈರ್ಯವಿಲ್ಲದ ಹುಡುಗಿ 'ಮರೆತೆ' ಎನ್ನುತ್ತಾಳೆ. ಅದು ಮರೆವಲ್ಲ, ಹೆದರಿಕೆ ಮತ್ತು ಸಂಕಟ. ಅದಕ್ಕೆ ಬೇಕಾದದ್ದು ಗದರಿಕೆಯಲ್ಲ, ಉತ್ತರ.

ಉತ್ತರಗಳು ಕಷ್ಟದವೇನಲ್ಲ. ಮಲ ಕಪ್ಪಾಗುವುದು ಕರುಳು ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ. ಮಗುವಿನ ಮೈಬಣ್ಣ ತಂದೆತಾಯಿಯಿಂದ ಬರುತ್ತದೆ, ಗುಳಿಗೆಗೂ ಅದಕ್ಕೂ ಸಂಬಂಧವಿಲ್ಲ. ಹೊಟ್ಟೆ ತೊಳಸಿದರೆ ಖಾಲಿ ಹೊಟ್ಟೆಯಲ್ಲಿ ಬೇಡ, ಊಟವಾದ ಮೇಲೆ ಅಥವಾ ಮಲಗುವ ಮುಂಚೆ ತೆಗೆದುಕೊಂಡರೆ ಎಷ್ಟೋ ಮಂದಿಗೆ ಸರಿಹೋಗುತ್ತದೆ. ಮಲಬದ್ಧತೆಗೆ ನೀರು, ಸೊಪ್ಪು, ಹಣ್ಣು, ಸ್ವಲ್ಪ ನಡಿಗೆ. ಆಗಲೂ ಆಗದಿದ್ದರೆ ಗುಳಿಗೆಯನ್ನು ತಾನಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಬೇರೆ ಬಗೆಯ ಕಬ್ಬಿಣ ಕೊಡುತ್ತಾರೆ. ಅತ್ತೆಯ ಪ್ರಶ್ನೆಗೂ ಗೌರವದಿಂದಲೇ ಉತ್ತರಿಸಬಹುದು: ಅವರ ಕಾಲದಲ್ಲಿ ಗುಳಿಗೆಯಿಲ್ಲದೆ ಹೆತ್ತವರೂ ಇದ್ದರು, ಹೆರಿಗೆಯಲ್ಲಿ ಹೋದವರೂ ಇದ್ದರು. ಹಾಗೆ ಹೋದವರ ನೆನಪು ಒಂದೊಂದು ಮನೆತನದಲ್ಲೂ ಇದೆ.

ನಿಜವಾದ ಮರೆವಿಗೆ ಮದ್ದು

ಇಷ್ಟಾದ ಮೇಲೂ ನಿಜವಾದ ಮರೆವು ಇದ್ದೇ ಇದೆ. ಬಸುರಿನಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ನೆನಪು ಕೊಂಚ ಮಸುಕಾಗುವುದುಂಟೆಂದು ಅಧ್ಯಯನಗಳು ಹೇಳುತ್ತವೆ. ನಿದ್ದೆಗೆಟ್ಟ ರಾತ್ರಿ, ವಾಂತಿ, ಬೆನ್ನುನೋವು ಸೇರಿದರೆ ಯಾರ ನೆನಪಾದರೂ ಕೈಕೊಡುತ್ತದೆ. ಇನ್ನೊಂದು ಕಾರಣ ಗುಳಿಗೆಯ ಸ್ವಭಾವದಲ್ಲೇ ಇದೆ. ತಲೆನೋವಿನ ಮಾತ್ರೆಯನ್ನು ತಲೆನೋವೇ ನೆನಪಿಸುತ್ತದೆ. ಕಬ್ಬಿಣದ ಗುಳಿಗೆಯನ್ನು ನೆನಪಿಸುವ ನೋವು ಯಾವುದೂ ಇಲ್ಲ. ನುಂಗಿದರೆ ಆ ದಿನ ಗೊತ್ತಾಗುವ ಲಾಭವಿಲ್ಲ, ಬಿಟ್ಟರೆ ಆ ದಿನ ಗೊತ್ತಾಗುವ ನಷ್ಟವೂ ಇಲ್ಲ.

ಮುಂದೆ ಮಾಡಬೇಕಾದ ಕೆಲಸವನ್ನು ನೆನಪಿಡುವುದರಲ್ಲಿ ಮನೋವಿಜ್ಞಾನಿಗಳು ಎರಡು ಬಗೆ ಗುರುತಿಸುತ್ತಾರೆ. ರಾತ್ರಿ ಒಂಬತ್ತಕ್ಕೆ ಮಾಡಬೇಕು ಎನ್ನುವುದು ಗಡಿಯಾರದ ನೆನಪು. ಪಾತ್ರೆ ತೊಳೆದ ಮೇಲೆ ಮಾಡಬೇಕು ಎನ್ನುವುದು ಘಟನೆಯ ನೆನಪು. ಮೊದಲನೆಯದರಲ್ಲಿ ಮನಸ್ಸು ತಾನೇ ಎಚ್ಚರವಿದ್ದು ಹೊತ್ತು ನೋಡುತ್ತಿರಬೇಕು. ಎರಡನೆಯದರಲ್ಲಿ ಆ ಕೆಲಸವೇ ಬಂದು ತಟ್ಟಿ ಎಬ್ಬಿಸುತ್ತದೆ. ನಮ್ಮ ಅಜ್ಜಿಯರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದುದು ಇದೇ ತಿಳಿವಳಿಕೆಯಿಂದ. ನೆನಪನ್ನು ತಲೆಯೊಳಗೆ ಹೊತ್ತುಕೊಂಡು ತಿರುಗದೆ, ಕೈಗೆ ಕಣ್ಣಿಗೆ ತಗಲುವಂತೆ ಹೊರಗೆ ಕಟ್ಟುವುದು. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಸರ್ 1990ರ ದಶಕದಲ್ಲಿ ಇದನ್ನೇ ಪ್ರಯೋಗಗಳಿಂದ ವಿವರಿಸಿದರು. 'ತಪ್ಪದೆ ಮಾಡುತ್ತೇನೆ' ಎಂದುಕೊಳ್ಳುವುದಕ್ಕಿಂತ 'ಇಂಥದ್ದು ಆದ ತಕ್ಷಣ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ಕಟ್ಟಿಕೊಂಡವರು ಹೇಳಿದ್ದನ್ನು ಮಾಡುವುದು ಹೆಚ್ಚು.

ಆದ್ದರಿಂದ ಗುಳಿಗೆಯನ್ನು ಮನೆಯಲ್ಲಿ ಎಂದೂ ತಪ್ಪದ ಒಂದು ಕೆಲಸಕ್ಕೆ ಗಂಟು ಹಾಕಬೇಕು. ಅದು ಯಾವುದೆಂಬುದು ಅವರವರ ದಿನಚರಿಗೆ ಬಿಟ್ಟದ್ದು. ಹೈನುಗಾರಿಕೆ ಇರುವವಳಿಗೆ ಸಂಜೆ ಡೇರಿಗೆ ಹಾಲು ಹಾಕಿ ಬಂದ ಗಳಿಗೆ. ಬೆಳಗಿನ ಏಳಕ್ಕೇ ಗಾರ್ಮೆಂಟ್ಸ್ ಬಸ್ಸು ಹತ್ತುವವಳಿಗೆ ಮಧ್ಯಾಹ್ನದ ಬುತ್ತಿ, ಅದರ ಚೀಲದಲ್ಲೇ ಒಂದು ಪುಟ್ಟ ಡಬ್ಬಿಯಲ್ಲಿ ಆ ದಿನದ ಗುಳಿಗೆ. ಮನೆಯಲ್ಲೇ ಇರುವವಳಿಗೆ ರಾತ್ರಿ ಅಡುಗೆಮನೆ ಒರೆಸಿ ದೀಪ ಆರಿಸುವ ಮುನ್ನಿನ ಹೊತ್ತು. ಕಂಪ್ಯೂಟರ್ ಮುಂದೆ ಕೂರುವವಳು ಮೊಬೈಲಿನಲ್ಲಿ ಅಲಾರಂ ಇಡಬಹುದು. ಆದರೆ ಅಲಾರಂ ಹೊಡೆದಾಗ ಗುಳಿಗೆ ಕೈಗೆಟುಕುವಂತಿರಬೇಕು. ಸಭೆಯ ನಡುವೆ ಹೊಡೆದ ಅಲಾರಂ ಬೆರಳಿನಿಂದ ಆರಿಹೋಗುತ್ತದೆ, ಅದರೊಂದಿಗೆ ಗುಳಿಗೆಯೂ.

ಅಭ್ಯಾಸ ಕೂರಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸ ಯೋಚಿಸದೆಯೇ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನ ಹಿಡಿಯುತ್ತದೆ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ ಎಂಟು ತಿಂಗಳೂ ಬೇಕು. ಅದೇ ಅಧ್ಯಯನ ಇನ್ನೊಂದು ಸಮಾಧಾನದ ಸಂಗತಿಯನ್ನೂ ತಿಳಿಸಿತು: ನಡುವೆ ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸ ಕೆಡುವುದಿಲ್ಲ. ನಿನ್ನೆ ಮರೆತವಳು ಇವತ್ತು ನುಂಗಿದರೆ ಸಾಕು. ಕೈಬಿಡಲು ಅದು ಕಾರಣವಾಗಬಾರದು.

ಹಾಗೆಂದು ನಿನ್ನೆಯದ್ದನ್ನೂ ಸೇರಿಸಿ ಎರಡು ನುಂಗಬಾರದು. ಕಬ್ಬಿಣದ ಒಂದು ಗುಳಿಗೆ ಒಳಗೆ ಹೋದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ. ಸುಮಾರು ಒಂದು ದಿನದ ಮಟ್ಟಿಗೆ ಅದು ಕರುಳಿನಿಂದ ಕಬ್ಬಿಣ ಒಳಸೇರುವುದನ್ನು ತಡೆಹಿಡಿಯುತ್ತದೆ. ಎರಡು ನುಂಗಿದರೆ ಹೊಟ್ಟೆ ತೊಳಸುವುದು ಹೆಚ್ಚುತ್ತದೆಯೇ ಹೊರತು ಕಬ್ಬಿಣ ಎರಡರಷ್ಟು ಸೇರುವುದಿಲ್ಲ.

ನುಂಗಿದೆನೋ ಇಲ್ಲವೋ?

ಮರೆವಿಗೆ ಇನ್ನೊಂದು ಮುಖವಿದೆ. ನುಂಗಿದ್ದೇ ನೆನಪಿರುವುದಿಲ್ಲ. ದಿನವೂ ಮಾಡುವ ಕೆಲಸ ಒಂದರೊಳಗೊಂದು ಬೆರೆತುಹೋಗಿ, ಇದು ಇವತ್ತಿನದೋ ನಿನ್ನೆಯದೋ ತಿಳಿಯುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಡೇವಿಡ್ ವ್ಯಾಗ್ನರ್ ಎಂಬ ಎಂಜಿನಿಯರ್ ಮನೆಯಲ್ಲಿ 1960ರ ದಶಕದ ಆರಂಭದಲ್ಲಿ ಇದೇ ಆಯಿತು. ಪತ್ನಿ ಡೋರಿಸ್ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅವತ್ತಿನದು ನುಂಗಿದರೋ ಇಲ್ಲವೋ ಎಂಬ ಗೊಂದಲ ಇಬ್ಬರಿಗೂ. ವ್ಯಾಗ್ನರ್ ಒಂದು ಕಾಗದದ ಮೇಲೆ ವಾರದ ದಿನಗಳನ್ನು ಬರೆದು, ಒಂದೊಂದು ದಿನದ ಮೇಲೆ ಒಂದೊಂದು ಮಾತ್ರೆಯಿಟ್ಟರು. ಯಾವುದೋ ವಸ್ತು ಬಿದ್ದು ಮಾತ್ರೆಗಳು ಚೆದುರಿಹೋದಾಗ, ದಿನಕ್ಕೊಂದು ಮಾತ್ರೆ ಹೊರಬರುವ ದುಂಡನೆಯ ಡಬ್ಬಿ ಮಾಡಿದರು. 1964ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇವತ್ತು ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್‌ಗಳ ಮೇಲೆ ದಿನದ ಗುರುತು ಇರುವುದಕ್ಕೆ ಮೊದಲ ಮಾದರಿ ಅದೇ.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಡಬ್ಬಿಯಲ್ಲ, ಗಂಡನಾದವನು ಹೆಂಡತಿಯ ಗುಳಿಗೆಯ ಲೆಕ್ಕವನ್ನು ತನ್ನ ಕೆಲಸವೆಂದುಕೊಂಡದ್ದು. ನಮ್ಮ ಮನೆಗಳಲ್ಲಿ ಇದಕ್ಕೆ ಪೇಟೆಂಟ್ ಬೇಕಿಲ್ಲ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಚೀಟಿ ಕಟ್ಟುವ ತಾರೀಖು ಎಲ್ಲವನ್ನೂ ಗುರುತು ಹಾಕುವ ಕ್ಯಾಲೆಂಡರ್ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿರುತ್ತದೆ. ಗುಳಿಗೆ ನುಂಗಿದ ದಿನಕ್ಕೊಂದು ಗೀಟು ಎಳೆದರಾಯಿತು. ಓದುಬರಹ ಬೇಕಿಲ್ಲ, ಮೊಬೈಲ್ ಬೇಕಿಲ್ಲ. ಗೀಟಿಲ್ಲದ ಚೌಕ ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಯಾವುದು ಯಾವಾಗ

ಈಗಿನ ಬಸುರಿಗೆ ಗುಳಿಗೆ ಒಂದೇ ಅಲ್ಲ. ನಾಲ್ಕನೇ ತಿಂಗಳಿಂದ ಕಬ್ಬಿಣದ ಜೊತೆಗೆ 500 ಮಿಲಿಗ್ರಾಮಿನ ಕ್ಯಾಲ್ಸಿಯಂ ಗುಳಿಗೆ ದಿನಕ್ಕೆ ಎರಡು. ಥೈರಾಯ್ಡ್ ಸಮಸ್ಯೆಯಿದ್ದವರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಇನ್ನೊಂದು. ಇವೆಲ್ಲವನ್ನೂ ಒಂದೇ ಸಲ ಬಾಯಿಗೆ ಹಾಕಿಕೊಂಡರೆ ನೆನಪಿಗೆ ಸುಲಭ, ಆದರೆ ಮೈಗೆ ದಕ್ಕುವುದಿಲ್ಲ. ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ, ಎರಡರ ನಡುವೆ ಕನಿಷ್ಠ ಎರಡು ಗಂಟೆ ಬೇಕು. ಇವೆರಡೂ ಥೈರಾಯ್ಡ್ ಮಾತ್ರೆಗೆ ಅಡ್ಡಬರುತ್ತವೆ, ಅದಕ್ಕೂ ಇವಕ್ಕೂ ನಾಲ್ಕು ಗಂಟೆ ಅಂತರವಿರಬೇಕು.

ಹೆಚ್ಚಿನ ಮನೆಗಳಿಗೆ ಹೊಂದುವ ಒಂದು ಕ್ರಮ ಹೀಗಿದೆ. ಥೈರಾಯ್ಡ್ ಮಾತ್ರೆಯಿದ್ದರೆ ಎದ್ದ ತಕ್ಷಣ. ಕ್ಯಾಲ್ಸಿಯಂ ಬೆಳಗಿನ ತಿಂಡಿಯ ಜೊತೆ ಒಂದು, ರಾತ್ರಿ ಊಟದ ಜೊತೆ ಒಂದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ತಿಂಡಿಯ ಕ್ಯಾಲ್ಸಿಯಂ ಅನ್ನು ಮುಂದಕ್ಕೆ ಹಾಕಬೇಕಾಗುತ್ತದೆ, ಅವರು ವೈದ್ಯರನ್ನು ಕೇಳಿ ತಮ್ಮದೇ ವೇಳೆ ಗೊತ್ತುಮಾಡಿಕೊಳ್ಳಲಿ. ಕಬ್ಬಿಣದ ಗುಳಿಗೆ ಮಧ್ಯಾಹ್ನದ ಊಟವಾಗಿ ಒಂದು ಗಂಟೆಯ ಮೇಲೆ, ಅರ್ಧ ಹೋಳು ನಿಂಬೆಹಣ್ಣು ಹಿಂಡಿದ ನೀರಿನ ಜೊತೆ. ನಿಂಬೆ, ನೆಲ್ಲಿಕಾಯಿ, ಸೀಬೆಯಲ್ಲಿರುವ ವಿಟಮಿನ್ ಸಿ ಕಬ್ಬಿಣ ಒಳಸೇರಲು ನೆರವಾಗುತ್ತದೆ. ಕಾಫಿ, ಟೀ, ಹಾಲು ಅದನ್ನು ತಡೆಯುತ್ತವೆ, ಗುಳಿಗೆಯ ಹಿಂದುಮುಂದಿನ ಒಂದೆರಡು ಗಂಟೆ ಅವು ಬೇಡ.

ಇನ್ನೆರಡು ಎಚ್ಚರಿಕೆ. ಸರ್ಕಾರಿ ಆಸ್ಪತ್ರೆಯ ಗುಳಿಗೆಯ ಜೊತೆಗೆ ಖಾಸಗಿ ವೈದ್ಯರು ಬರೆದ ಟಾನಿಕ್ಕು, ಅಂಗಡಿಯಲ್ಲಿ ಕೇಳಿ ತಂದ ವಿಟಮಿನ್ ಕ್ಯಾಪ್ಸೂಲು ಸೇರಿದರೆ ಒಂದೇ ಅಂಶ ಎರಡು ಮೂರು ಸಲ ಒಳಗೆ ಹೋಗಬಹುದು. ವಿಟಮಿನ್ ಎ ಅತಿಯಾದರೆ ಬಸುರಿನಲ್ಲಿ ಮಗುವಿಗೆ ಹಾನಿ. ತಪಾಸಣೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಎರಡನೆಯದು ಮನೆಯ ಪುಟ್ಟ ಮಕ್ಕಳ ವಿಷಯ. ಸಕ್ಕರೆಯ ಲೇಪವಿರುವ ಕೆಂಪು ಗುಳಿಗೆ ಅವರ ಕಣ್ಣಿಗೆ ಪೆಪ್ಪರ್ಮೆಂಟಿನಂತೆ ಕಾಣುತ್ತದೆ. ಹಿಡಿಯಷ್ಟು ತಿಂದರೆ ಪ್ರಾಣಕ್ಕೇ ಅಪಾಯ. ದೊಡ್ಡವರ ಕಣ್ಣಿಗೆ ಬೀಳುವ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಡಬ್ಬಿಯಿರಲಿ.

ತವರಿಗೆ ಹೊರಟಾಗ

ದಿನಚರಿಗೆ ಕಟ್ಟಿದ ನೆನಪು ದಿನಚರಿ ಬದಲಾದರೆ ಬಿಚ್ಚಿಹೋಗುತ್ತದೆ. ನಮ್ಮ ಬಸುರಿಯರ ದಿನಚರಿ ಬದಲಾಗುವುದು ಗೊತ್ತಾದ ಹೊತ್ತಿನಲ್ಲೇ: ಏಳನೇ ತಿಂಗಳಲ್ಲೋ ಒಂಬತ್ತನೇ ತಿಂಗಳಲ್ಲೋ ಸೀಮಂತ ಮುಗಿಸಿಕೊಂಡು ತವರಿಗೆ ಹೋಗುವಾಗ. ಊರು ಬೇರೆ, ಆಶಾ ಬೇರೆ, ಆರೋಗ್ಯ ಕೇಂದ್ರ ಬೇರೆ. ಸೀರೆ, ಬಳೆ, ಹೂವು, ಮಡಿಲಕ್ಕಿ ಎಲ್ಲವೂ ನೆನಪಿನಿಂದ ಗಂಟಾಗುತ್ತದೆ. ಗುಳಿಗೆಯ ಡಬ್ಬಿ ಅತ್ತೆಮನೆಯ ಕಪಾಟಿನಲ್ಲೇ ಉಳಿಯುತ್ತದೆ. ಮಗು ತಾಯಿಯಿಂದ ಕಬ್ಬಿಣ ಕೂಡಿಟ್ಟುಕೊಳ್ಳುವ ತಿಂಗಳುಗಳು ಇವೇ ಎಂಬುದನ್ನು ನೆನೆದರೆ ಈ ಮರೆವಿನ ಬೆಲೆ ತಿಳಿಯುತ್ತದೆ.

ಹೆರಿಗೆಯ ಮೇಲೆ ಇನ್ನೊಂದು ಕಂದಕ. ಮಗು ಬಂತು, ಗುಳಿಗೆಯ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಬಾಣಂತಿಯ ಪಥ್ಯದಲ್ಲಿ ಎಷ್ಟೋ ಕಡೆ ಸೊಪ್ಪು ತರಕಾರಿಯೂ ದೂರ. ಕಳೆದುಕೊಂಡ ರಕ್ತವನ್ನು ತುಂಬಿಕೊಳ್ಳಬೇಕಾದ ಹೊತ್ತಿನಲ್ಲಿ ಗುಳಿಗೆಯೂ ಇಲ್ಲ, ಊಟವೂ ಇಲ್ಲ. ಬಾಣಂತನ ಮಾಡುವ ತಾಯಿಯ ಕೈಯಲ್ಲಿ ಅಂಟಿನುಂಡೆ, ಬೆಳ್ಳುಳ್ಳಿ, ಮೆಂತ್ಯದ ಜೊತೆಗೆ ಕೆಂಪು ಗುಳಿಗೆಯೂ ಇರಬೇಕು, ಇನ್ನೂ ಆರು ತಿಂಗಳು. ಬೀಗರು ಬಸುರಿಯನ್ನು ಕರೆದೊಯ್ಯಲು ಬಂದ ದಿನ ಅತ್ತೆಯೇ ತಾಯಿ ಕಾರ್ಡು ಮತ್ತು ಎರಡು ತಿಂಗಳ ಗುಳಿಗೆಯನ್ನು ಅವಳ ತಾಯಿಯ ಕೈಗಿಟ್ಟು, ಎಷ್ಟು ಹೊತ್ತಿಗೆ ಕೊಡಬೇಕೆಂದು ಹೇಳಿದರೆ ಎರಡು ಮನೆಗಳ ನಡುವೆ ನೆನಪು ಜಾರಿ ಬೀಳುವುದಿಲ್ಲ.

ಭಾರ ಇಳಿಸುವ ದಾರಿ

ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭಿಸಿದ ಮಾತೃಪೂರ್ಣ ಯೋಜನೆಯ ಹಿಂದಿನ ಯೋಚನೆ ಈ ದೃಷ್ಟಿಯಿಂದ ಬಹಳ ಒಳ್ಳೆಯದು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ, ಊಟವಾದ ಮೇಲೆ ಅಲ್ಲೇ ಕಬ್ಬಿಣದ ಗುಳಿಗೆ. ನೆನಪಿನ ಹೊಣೆ ಒಬ್ಬಳಿಂದ ಊರಿನ ಒಂದು ವ್ಯವಸ್ಥೆಗೆ ದಾಟಿತು. ಆದರೆ ಮಲೆನಾಡಿನ ಒಂಟಿ ಮನೆಯಿಂದ, ತೋಟದ ಲೈನಿನಿಂದ, ಹೊಲದ ಕೂಲಿಯ ನಡುವಿನಿಂದ ತುಂಬಿದ ಹೊಟ್ಟೆ ಹೊತ್ತು ದಿನವೂ ಅಂಗನವಾಡಿಗೆ ನಡೆದು ಬರುವುದು ಎಲ್ಲರಿಗೂ ಸಾಧ್ಯವಿಲ್ಲ. ಅಂಥವರ ಮನೆಯ ಬಾಗಿಲಿಗೇ ಗುಳಿಗೆಯೂ ಅದನ್ನು ಎಣಿಸಿ ನೋಡುವ ಕಣ್ಣೂ ಹೋಗಬೇಕು. ಅದಕ್ಕೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಸಮಯ ಕೊಡಬೇಕು, ತಕ್ಕ ಸಂಬಳ ಕೊಡಬೇಕು.

ವಿಜ್ಞಾನವೂ ಭಾರ ಇಳಿಸಬಲ್ಲದು. ಬಸುರಿನಲ್ಲಿ ರಕ್ತದೊತ್ತಡ ಏರುವ ಅಪಾಯ ತಡೆಯಲು ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೇ, 500 ಸಾಕೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೈಗೆತ್ತಿಕೊಂಡರು. ಬೆಂಗಳೂರಿನಲ್ಲಿ 11,000 ಚೊಚ್ಚಲ ಬಸುರಿಯರು, ತಾಂಜಾನಿಯಾದಲ್ಲಿ ಮತ್ತೆ 11,000 ಮಂದಿ ಇದರಲ್ಲಿ ಪಾಲ್ಗೊಂಡರು. 2024ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಅಪಾಯವನ್ನು ತಡೆಯುವುದರಲ್ಲಿ 500 ಮಿಲಿಗ್ರಾಂ ಹೆಚ್ಚಿನ ಪ್ರಮಾಣಕ್ಕಿಂತ ಹಿಂದೆ ಬೀಳಲಿಲ್ಲ. ಮೂರು ಗುಳಿಗೆಯ ಕಡೆ ಒಂದೇ ಸಾಕಾಗುವುದಾದರೆ, ಒಬ್ಬ ತಾಯಿಯ ದಿನದಲ್ಲಿ ಎರಡು ನೆನಪುಗಳ ಭಾರ ಕಡಿಮೆಯಾದಂತೆ. ನಿಯಮ ಬದಲಾಗುವ ತನಕ ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಬೇಕು, ಆದರೆ ಇಂಥ ಸಂಶೋಧನೆ ನಮ್ಮೂರಿನ ಬಸುರಿಯರ ಸಹಕಾರದಿಂದ ನಡೆದದ್ದು ಹೆಮ್ಮೆಯ ಸಂಗತಿ.

ಅಲ್ಲಿಯವರೆಗೆ, ಮನೆಯಲ್ಲಿ ಬಸುರಿ ಇರುವ ಪ್ರತಿಯೊಬ್ಬ ಗಂಡಸನ್ನೂ ಕೇಳಿಕೊಳ್ಳುವುದು ಇಷ್ಟೆ. ಗುಳಿಗೆಯನ್ನು ಅವಳೇ ನುಂಗಬೇಕು, ಅದರ ವಾಕರಿಕೆಯನ್ನೂ ಅವಳೇ ಅನುಭವಿಸಬೇಕು. ನೆನಪಿಡುವ ಕೆಲಸವನ್ನಾದರೂ ನೀವು ವಹಿಸಿಕೊಳ್ಳಿ. ಮುಗಿಯುವ ಮೊದಲೇ ಹೊಸ ಸ್ಟ್ರಿಪ್ ತನ್ನಿ, ಊಟವಾದ ಮೇಲೆ ನಿಂಬೆನೀರು ಮಾಡಿಕೊಡಿ, ಕ್ಯಾಲೆಂಡರಿನಲ್ಲಿ ಗೀಟು ನೀವೇ ಎಳೆಯಿರಿ. "ತಗೊಂಡ್ಯಾ?" ಎಂದು ಕೇಳುವ ಬದಲು ಗುಳಿಗೆ ಮತ್ತು ನೀರು ಹಿಡಿದುಕೊಂಡು ಅವಳ ಬಳಿ ಹೋಗಿ. ಒಂದು ದಿನ ತಪ್ಪಿದರೆ ಗದರಬೇಡಿ, ಮರುದಿನ ತಪ್ಪದಂತೆ ನೋಡಿಕೊಳ್ಳಿ. 180 ದಿನದ ಈ ಲೆಕ್ಕ ಮನೆಯವರೆಲ್ಲರದಾದರೆ, ಮುಂದಿನ ಸಮೀಕ್ಷೆಯಲ್ಲಿ ಶೇ 26 ಎಂಬ ಅಂಕಿ ತಾನಾಗಿ ಮೇಲೇರುತ್ತದೆ.